ಅಡುಗೆ ಗಂಗಾಧರನ ಭೂಗೋಳ

ಸೀತೂರಿನ ಶಾಲೆಯಲ್ಲಿ ಭೂಮಿ ಗಂಗಾಧರನ ಕೈತಪ್ಪಿ ಕೆಳಗೆ ಬಿದ್ದಾಗ ವೇದಿಕೆಯ ಮೇಲಿದ್ದ ಗಣ್ಯರಲ್ಲಿ ನಾನೂ ಒಬ್ಬ. ಗಣ್ಯ ಎಂದರೆ ಎಣಿಕೆಗೆ ಸಿಕ್ಕವನು ಎಂದಷ್ಟೇ ಅರ್ಥ. ಮೂರು ಕುರ್ಚಿ ಹಾಕಿದ್ದರು, ಮೂರನೆಯದು ಖಾಲಿ ಕಾಣಬಾರದೆಂದು ನನ್ನನ್ನು ಕೊಪ್ಪದಿಂದ ಕರೆಸಿದ್ದರು. ಸಮಾಜ ವಿಜ್ಞಾನ ಸಂಘದ ಉದ್ಘಾಟನೆ. ದೀಪ ಹಚ್ಚುವುದು ಹಳೆಯದಾಯಿತು, ಹೊಸದಾಗಿ ತರಿಸಿದ ಗ್ಲೋಬನ್ನು ತಿರುಗಿಸಿ ಉದ್ಘಾಟಿಸೋಣ ಎಂದು ಹೆಡ್ಮಾಸ್ಟರರಿಗೆ ಹೊಳೆದಿತ್ತು. ತಿರುಗಿಸುವವರು ಯಾರು? ಪ್ರಪಂಚವನ್ನೇ ತಿರುಗಿ ಬಂದವನು ತಿರುಗಿಸಲಿ ಎಂದು ಅಡುಗೆ ಗಂಗಾಧರನನ್ನು ಮುಖ್ಯ ಅತಿಥಿ ಮಾಡಿದ್ದರು. ಅವನು ಟೂರ್ ಕಂಪನಿಯೊಂದರ ಅಡುಗೆಯವನಾಗಿ ನಮ್ಮ ಸುತ್ತಿನ ಮೂರು ತಾಲ್ಲೂಕುಗಳಲ್ಲಿ ಯಾರೂ ನೋಡದಷ್ಟು ದೇಶಗಳಿಗೆ ಹೋಗಿ ಬಂದವನು.

ಗಂಗಾಧರ ಎದ್ದು ನಿಂತು, ರುಬ್ಬುಗುಂಡಿಗೆ ಕೈ ಹಾಕುವ ಹಾಗೆ ಗ್ಲೋಬಿನ ತಲೆಗೆ ಕೈ ಹಾಕಿ ಒಂದು ಸುತ್ತು ಬಲವಾಗಿ ತಿರುಗಿಸಿದ. ಭೂಮಿ ತನ್ನ ಅಕ್ಷವನ್ನು ಬಿಟ್ಟಿತು. ಮೇಜಿಗೆ ಬಡಿದು, ಹೂವಿನ ಹಾರದ ತಟ್ಟೆಯನ್ನು ಉರುಳಿಸಿ, ವೇದಿಕೆಯಿಂದ ಹಾರಿ ಮಕ್ಕಳ ಸಾಲಿನ ನಡುವೆ ಓಡಿತು. ಮೈಕು ಮುಂದೆಯೇ ಇತ್ತು. ಅದರಲ್ಲಿ ಮುಖ್ಯ ಅತಿಥಿಗಳ ಉದ್ಘಾಟನಾ ಭಾಷಣ ಹೀಗೆ ಕೇಳಿಸಿತು: "ಥೋ, ಹೋಯ್ತಲ್ಲ ಮಾರಾಯ."

ಮಕ್ಕಳು ನಕ್ಕರು, ಮೇಷ್ಟ್ರುಗಳು ನಗಲಿಲ್ಲ ಎಂದು ತೋರಿಸುತ್ತ ನಕ್ಕರು. ಗ್ಲೋಬು ಹಿಂದಿನ ಗೋಡೆಯವರೆಗೆ ಹೋಗಿ ಬಿಸಿಯೂಟದ ಹೆಂಗಸರ ಕಾಲ ಬಳಿ ನಿಂತಿತು. ಅವರಲ್ಲೊಬ್ಬಳು, ಕಲ್ಲಮ್ಮ, ಅದನ್ನೆತ್ತಿ ಸೆರಗಿನಲ್ಲಿ ಒರೆಸಿ ವೇದಿಕೆಗೆ ತಂದುಕೊಟ್ಟಳು. ಕೊಟ್ಟವಳು ಹೋಗಲಿಲ್ಲ. ಮೆಲ್ಲಗೆ ಕೇಳಿದಳು. ಮೈಕಿಗೆ ಮೆಲ್ಲಗೆ ಜೋರಾಗಿ ಎಂಬ ಭೇದವಿಲ್ಲ.

"ಗಂಗಾಧರಣ್ಣ, ಇವ್ರು ಇರೋ ಊರು ಇದ್ರಲ್ಲಿ ಎಲ್ಲಿ ಬರ್ತದೆ?"

ನಗು ನಿಂತಿತು. 'ಇವ್ರು' ಯಾರೆಂದು ಸೀತೂರಿನ ಮಕ್ಕಳಿಗೂ ಗೊತ್ತು. ಕಲ್ಲಮ್ಮನ ಗಂಡ ಲೋಕೇಶ. ಗಂಗಾಧರನ ಜೊತೆ ಅಡುಗೆಗೆಂದು ಯುರೋಪಿಗೆ ಹೋದವನು ಅಲ್ಲೇ ತೀರಿಕೊಂಡ, ಅಲ್ಲೇ ಮಣ್ಣಾದ.

ಗಂಗಾಧರ ಗ್ಲೋಬನ್ನು ಹೊಟ್ಟೆಗವಚಿಕೊಂಡು ಬೆರಳಿಟ್ಟ. ಬೆರಳು ಅಲ್ಲಿ ಇಲ್ಲಿ ಓಡಾಡಿ ಒಂದು ಕಡೆ ಒತ್ತಿ ನಿಂತಿತು. ಹೆಡ್ಮಾಸ್ಟರರು ಬಗ್ಗಿ ನೋಡಿ, "ಅದು ಸಮುದ್ರ," ಎಂದರು.

"ಹಂಗಾದ್ರೆ ಅದರ ಪಕ್ಕ," ಎಂದ ಗಂಗಾಧರ. ಕಲ್ಲಮ್ಮ ತಲೆಯಾಡಿಸಿದಳು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿಯ ಸಿಸ್ಟರು ಎಲ್ಲ ದೇಶಗಳ ರಾಜಧಾನಿಗಳನ್ನೂ ಅಂಗೈಗೆ ಸ್ಕೇಲಿನಲ್ಲಿ ಬಾರಿಸಿ ಕಲಿಸಿದರು. ಹಾಗಾಗಿ ಇವತ್ತಿಗೂ ಯಾವ ದೇಶದ ಹೆಸರು ಕೇಳಿದರೂ ನನಗೆ ಮೊದಲು ಅಂಗೈ ಉರಿಯುತ್ತದೆ, ಆಮೇಲೆ ರಾಜಧಾನಿ ನೆನಪಾಗುತ್ತದೆ. ಭೂಗೋಳದಲ್ಲಿ ಭೂಮಿ ಸ್ವಲ್ಪ, ಗೋಳೇ ಹೆಚ್ಚು ಎಂದು ಆಗ ತಮಾಷೆಗೆ ಅನ್ನುತ್ತಿದ್ದೆ. ಅದು ತಮಾಷೆಯಲ್ಲವೆಂದು ಗೊತ್ತಾಗಿದ್ದು ಗಂಗಾಧರನನ್ನು ಹತ್ತಿರದಿಂದ ಕಂಡ ಮೇಲೆ.

ಅವನ ಮೂಲ ಬಾಳೆಹೊನ್ನೂರಿನ ಕಡೆ. ಸಂಸಾರ ಹೂಡಿದ್ದು ಕೊಪ್ಪದಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಬಾಡಿಗೆ ಮನೆಯಲ್ಲಿ. ಲಿಂಗಾಯತರವನು. ಆದರೆ ಬೆಂಗಳೂರಿನ ಟೂರ್ ಕಂಪನಿಯವರು ಅವನನ್ನು ಕರೆಯುತ್ತಿದ್ದದ್ದು ಭಟ್ರೇ ಎಂದು. ಸೌಟು ಹಿಡಿದವರೆಲ್ಲ ಭಟ್ಟರು ಎಂಬುದು ಅವರ ವರ್ಣಾಶ್ರಮ. "ನೀನು ತಿದ್ದಲಿಲ್ವಾ?" ಎಂದು ಕೇಳಿದ್ದೆ. "ಭಟ್ರಿಗೆ ಅಂತ ಕೊಟ್ಟ ಸಂಬಳ ಗಂಗಾಧರನ ಜೇಬಿಗೇ ಬೀಳ್ತದಲ್ಲ ಮಾರಾಯ್ರೆ, ಎಂತಕ್ಕೆ ತಿದ್ದೋದು," ಎಂದ.

ಕಂಪನಿಯ ಗಿರಾಕಿಗಳು ಹೆಚ್ಚಾಗಿ ನಿವೃತ್ತರು. ಅವರಿಗೆ ಪರದೇಶ ನೋಡುವ ಆಸೆ, ಪರದೇಶದಲ್ಲಿ ಉಣ್ಣುವ ಭಯ. ಅದಕ್ಕೆಂದೇ ಊರಿನಿಂದ ಅಡುಗೆಯವರನ್ನು, ಅಕ್ಕಿ ಬೇಳೆ ಕುಕ್ಕರುಗಳನ್ನು ಕಟ್ಟಿಕೊಂಡು ಹೋಗುವುದು. ಯಾತ್ರಿಕರು ಗಾಜಿನ ಬಸ್ಸಿನಲ್ಲಿ ಕೂತು ಹಿಮದ ಬೆಟ್ಟ ನೋಡುತ್ತಾ ಹೋಗುತ್ತಾರೆ. ಅಡುಗೆಯವರು ಪಾತ್ರೆ, ಮೂಟೆಗಳ ಜೊತೆ ಕಿಟಕಿಯಿಲ್ಲದ ವ್ಯಾನಿನ ಹೊಟ್ಟೆಯಲ್ಲಿ ಬೇರೆ ದಾರಿಯಿಂದ ಮುಂದಿನ ಊರಿಗೆ ಮೊದಲೇ ತಲುಪಿ ಸಾರು ಕುದಿಸಿರಬೇಕು. ಆ ಕಡೆಯ ದೇಶಗಳ ನಡುವೆ ಗೇಟೂ ಇಲ್ಲ, ಮುದ್ರೆ ಒತ್ತುವವರೂ ಇಲ್ಲ. ವ್ಯಾನಿನ ಬಾಗಿಲು ಒಂದು ದೇಶದಲ್ಲಿ ಮುಚ್ಚುತ್ತದೆ, ಇನ್ನೊಂದರಲ್ಲಿ ತೆರೆಯುತ್ತದೆ, ಎದುರಿಗೆ ಅದೇ ಪಾರ್ಕಿಂಗ್ ಜಾಗ, ಅದೇ ನಲ್ಲಿ. ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂದರು ಹಿರಿಯರು. ಗಂಗಾಧರ ದೇಶ ಸುತ್ತಿದ, ದೋಸೆ ಹುಯ್ದ. ನೋಡುವುದೊಂದು ಆಗಲಿಲ್ಲ.

ಇದನ್ನು ಊರಿನವರಿಗೆ ಹೇಳಿದರೆ ನಂಬುತ್ತಿರಲಿಲ್ಲ. ಮೊದಮೊದಲು ಹೇಳಿ ನೋಡಿದನಂತೆ. "ಧಿಮಾಕು, ಹೇಳಕ್ಕೆ ಮನಸ್ಸಿಲ್ಲ," ಎಂದರು. ಆಮೇಲೆ ಅವನು ಉತ್ತರ ಕೊಡುವುದನ್ನು ಕಲಿತ. ಬಸ್ ಸ್ಟ್ಯಾಂಡಿನ ಎದುರು ಅಬ್ದುಲ್ ಅಜೀಜನ ಸೂಟ್‌ಕೇಸಿನ ಅಂಗಡಿ ಇದೆ. ಮದುವೆ ಸೀಸನ್ ಇಲ್ಲದಾಗ ಗಂಗಾಧರ ಅಲ್ಲೊಂದು ಸ್ಟೂಲಿನ ಮೇಲೆ ಇರುತ್ತಾನೆ. ಅಜೀಜ್ ಗಿರಾಕಿಗಳಿಗೆ ಹೇಳುವುದು: "ಸೂಟ್‌ಕೇಸ್ ನನ್ನತ್ರ, ಡೌಟ್‌ಕೇಸ್ ಅವ್ರತ್ರ." ಗಲ್ಫಿಗೆ ಹೊರಟವರು, ಮಗಳ ಬಾಣಂತನಕ್ಕೆ ಹೊರಟವರು, ಅಡಿಕೆ ರೇಟು ಏರಿದ ವರ್ಷ ಸುಮ್ಮನೆ ಹೊರಟವರು ಎಲ್ಲರೂ ಟ್ರಾಲಿಯ ಚಕ್ರ ಉರುಳಿಸಿ ನೋಡುತ್ತಾ ಕೇಳುತ್ತಾರೆ. ಅಲ್ಲಿ ತೊಳೆಯಕ್ಕೆ ನೀರು ಇರ್ತದಾ, ಕಾಗದವೇ ಗತಿಯಾ? ರಾತ್ರಿ ಹತ್ತಕ್ಕೂ ಬಿಸಿಲಂತೆ, ಹಂಗಾದ್ರೆ ಊಟ ಯಾವಾಗ? ಮೊಸರು ಸಿಕ್ತದಾ? ಕುಂಕುಮ ಇಟ್ಕೊಂಡು ಹೋದ್ರೆ ಒಳಗೆ ಬಿಡ್ತಾರಾ?

ಅವನ ಉತ್ತರಗಳೆಲ್ಲ ಒಲೆಯ ಸುತ್ತಲಿನವು. ಒಂದು ದೇಶದ ಚಳಿ ಎಷ್ಟೆಂದರೆ, ಚಟ್ನಿ ಮೂರು ದಿನ ಹೊರಗಿಟ್ಟರೂ ಹುಳಿ ಬರದಷ್ಟು. ಎತ್ತರದ ಊರಾದರೆ, "ಅಲ್ಲಿ ನಮ್ಮ ಬೇಳೆ ಬೇಯಲ್ಲ," ಎಂದು ಅವನು ಹೇಳಿದರೆ ಅದು ಗಾದೆಯಲ್ಲ, ಕುಕ್ಕರಿನ ಅನುಭವ. ಒಲೆಯಾಚೆಗಿನ ಪ್ರಶ್ನೆ ಬಂದರೆ, ಊರು ಹೇಗಿತ್ತು, ಜನ ಹೇಗೆ ಎಂದೇನಾದರೂ ಕೇಳಿದರೆ, ಅವನಲ್ಲಿ ಸಿದ್ಧ ಉತ್ತರವಿತ್ತು. "ಚೆನ್ನಾಗಿತ್ತು. ಜನ ಒಳ್ಳೇವ್ರು. ನೀಟು." ಕೇಳಿದವರಿಗೆ ತೃಪ್ತಿ. ಅವರು ಕೇಳುತ್ತಿದ್ದುದೂ ಅದನ್ನೇ.

ಲೋಕೇಶ ಅವನ ಜೋಡಿ. ಸೀತೂರಿನವನು, ಹೆಚ್ಚು ಕಡಿಮೆ ಒಂದೇ ವಯಸ್ಸು. ಎನ್.ಆರ್. ಪುರದ ಕಡೆ ಮದುವೆಗಳಲ್ಲಿ ಇಬ್ಬರೂ ಎದುರುಬದುರು ಒಲೆ ಹೂಡುತ್ತಿದ್ದರು. ಒಬ್ಬ ಉಪ್ಪು ಹಾಕಿದರೆ ಇನ್ನೊಬ್ಬ ರುಚಿ ನೋಡದೆ ಬಡಿಸುವಷ್ಟು ನಂಬಿಕೆ. ಗಂಗಾಧರನೇ ಅವನನ್ನು ಕಂಪನಿಗೆ ಸೇರಿಸಿದ್ದು. ಕೊರೋನಾ ಬರುವ ಹಿಂದಿನ ವರ್ಷದ ಬೇಸಿಗೆಯಲ್ಲಿ ಲೋಕೇಶನ ಎರಡನೆಯ ಟೂರು. ಆಸ್ಟ್ರಿಯಾದಲ್ಲಿ ಬೆಳಗಿನ ತಿಂಡಿಗೆ ಒಲೆ ಹಚ್ಚುತ್ತಾ ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಆಸ್ಟ್ರಿಯಾ ಎಂದು ಸುದ್ದಿ ಬಂದಾಗ ಸೀತೂರಿನ ಅರ್ಧ ಜನ ಕಾಂಗರೂ ಇರುವ ದೇಶವೆಂದುಕೊಂಡು ಅತ್ತರು. ತಿಳಿದ ಮೇಲೆ ಬೇರೆ ದೇಶಕ್ಕಾಗಿ ಅಳುವುದೇನೂ ಇರಲಿಲ್ಲ. ಅಳು ಅದೇ.

ಹೆಣ ತರಿಸಲು ವಾರಗಳೇ ಹಿಡಿಯಬಹುದು, ಅಲ್ಲಿಯವರೆಗೆ ಐಸಿನ ಪೆಟ್ಟಿಗೆಯಲ್ಲಿರಬೇಕು ಎಂದು ಕಂಪನಿಯವರು ಫೋನು ಮಾಡಿದರು. ಕಲ್ಲಮ್ಮನ ತಮ್ಮ ಕಾಂತೇಶ್, ಎನ್.ಆರ್. ಪುರದಲ್ಲಿ ಸಿಮೆಂಟ್ ಅಂಗಡಿ ಇಟ್ಟವನು, ಹಿರಿಯರನ್ನು ಕೇಳಿಕೊಂಡು ಅಲ್ಲಿಯೇ ಮಣ್ಣು ಮಾಡಲು ಒಪ್ಪಿದ. ಒಂದೇ ಷರತ್ತು, ಕೂರಿಸಬೇಕು. ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಗುಂಡಿಯೊಳಗೆ ಗೂಡು ಕೊರೆದು, ಪದ್ಮಾಸನ ಹಾಕಿಸಿ, ಬದುಕಿರುವಾಗ ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ಪತ್ರೆ ತುಂಬಿ ಮಣ್ಣು ಕೊಡುತ್ತಾರೆ. ಪೂಜೆಗೆ ಕೂತವನು ಕೂತ ಹಾಗೆಯೇ ಲಿಂಗದಲ್ಲಿ ಒಂದಾದ ಎಂದು ಲೆಕ್ಕ. ಮಲಗಿಸಿದರೆ ಅವನು ಎಲ್ಲಿಯೂ ಸೇರಲಿಲ್ಲ ಎಂದು.

ಟೂರು ಮುಗಿಸಿ ಗಂಗಾಧರ ವಿಮಾನ ಇಳಿದವನು ಕೊಪ್ಪಕ್ಕೂ ಬರದೆ ನೇರ ಸೀತೂರಿಗೆ ಹೋದ. "ಕೂರ್ಸಿದೀವಿ. ಲಿಂಗ ಕೈಲಿಟ್ಟು, ವಿಭೂತಿ ಹಾಕಿ. ಮಣ್ಣು ಮೆತ್ತಗಿತ್ತು ಕಲ್ಲಮ್ಮ, ಗೂಡು ಚೆನ್ನಾಗಿ ಬಂತು," ಎಂದ. ಮಣ್ಣು ಮೆತ್ತಗಿತ್ತು ಎಂಬ ಮಾತು ಊರೆಲ್ಲ ಹರಡಿತು. ಕಲ್ಲಮ್ಮ ಆ ಮಾತನ್ನು ಹಾಸಿಕೊಂಡು ಹೊದ್ದುಕೊಂಡು ಇಷ್ಟು ವರ್ಷ ಕಳೆದಳು. ಶಾಲೆಯಲ್ಲಿ ಅನ್ನ ಬಡಿಸುತ್ತಾ, ಯಾರಾದರೂ ಪಾಪ ಎಂದರೆ, "ಕೂತೇ ಹೋದ್ರು. ಮಣ್ಣು ಮೆತ್ತಗಿತ್ತಂತೆ," ಎನ್ನುತ್ತಿದ್ದಳು.

ಆ ದಿನ ಅವಳು ಗ್ಲೋಬು ಹಿಡಿದು ಕೇಳಿದ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಮೂಟೆಗಳ ಗುರಿ ಮುಟ್ಟಿದ ವ್ಯಾಪಾರಿಗಳಿಗೆ ಸಿಮೆಂಟ್ ಕಂಪನಿಯವರು ಫಾರಿನ್ ಟೂರ್ ಕೊಡುವ ಪದ್ಧತಿ ಉಂಟು. ಸಿಮೆಂಟಿಗೆ ಸೀಮೆ ದಾಟಿಸುವ ಶಕ್ತಿಯಿದೆ. ಈ ಸಲ ಕಾಂತೇಶನಿಗೆ ಇಬ್ಬರ ಟಿಕೆಟ್ ಬಂದಿತ್ತು, ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಕ್ಕೆ, ದಸರಾ ರಜೆಯಲ್ಲಿ. ಅವನ ಹೆಂಡತಿ ತೀರ್ಥಹಳ್ಳಿಯ ಬಸ್ಸಿನಲ್ಲೇ ವಾಂತಿ ಮಾಡುವವಳು. "ನಾ ಬರಲ್ಲ. ಕಲ್ಲಕ್ಕನ್ನ ಕರ್ಕೊಂಡು ಹೋಗಿ, ಭಾವನ್ನ ಇಟ್ಟ ಜಾಗ ನೋಡಿ ಬರ್ಲಿ," ಎಂದಳು. ಕಲ್ಲಮ್ಮ ಒಂದು ದಿನ ಯೋಚಿಸಿ ಒಪ್ಪಿದಳು. ನೋಡಿ ಬರಲಿಕ್ಕಲ್ಲ. ಒಂದು ಹಿಡಿ ಮಣ್ಣು ತರಲಿಕ್ಕೆ. ಆ ಮಣ್ಣನ್ನಿಟ್ಟು ಸೀತೂರಿನಲ್ಲಿ ಮಾವನ ಸಮಾಧಿ ಗದ್ದುಗೆಯ ಪಕ್ಕ ಗಂಡನಿಗೂ ಒಂದು ಗದ್ದುಗೆ ಕಟ್ಟಲಿಕ್ಕೆ.

ಅಲ್ಲಿಂದ ಪ್ರತಿ ಭಾನುವಾರ ಅವಳು ಬಸ್ಸು ಹತ್ತಿ ಕೊಪ್ಪಕ್ಕೆ ಬರತೊಡಗಿದಳು. ಅಜೀಜನ ಅಂಗಡಿಯಲ್ಲಿ ನಾನೂ ಕೂತಿರುತ್ತಿದ್ದೆ.

"ಗಂಗಾಧರಣ್ಣ, ದಸರಾ ಹೊತ್ತಿಗೆ ಅಲ್ಲಿ ಎಂತ ಕಾಲ? ಮಳೆಯಾ?"

"ಚಳಿ ಶುರು. ಎಣ್ಣೆ ಗಟ್ಟಿಯಾಗ್ತದೆ. ಒಳಗೊಂದು ಸ್ವೆಟರ್ ಹಾಕ್ಕೋ."

"ಹಂಗಾದ್ರೆ ಮಣ್ಣೂ ಗಟ್ಟಿ ಆಗಿರ್ತದಲ್ಲ. ಕತ್ತಿ ತಗೊಂಡು ಹೋಗ್ಲಾ?"

"ವಿಮಾನದಲ್ಲಿ ಕತ್ತಿ ಬಿಡಲ್ಲ."

"ಚಮಚ?"

"ಚಮಚ ಬಿಡ್ತಾರೆ."

"ವಿಭೂತಿ?"

"ಗಟ್ಟಿ ತಗೊಂಡು ಹೋಗು. ಪುಡಿ ಬೇಡ."

"ಬಿಳಿ ಪುಡಿ ಅಂದ್ರೆ ಅವ್ರ ಪೊಲೀಸ್ ನಾಯಿ ಬಂದು ಮೂಸ್ತದೆ ಅಕ್ಕ," ಎಂದ ಅಜೀಜ್.

"ಮೂಸ್ಲಿ ಬಿಡು. ಒಂಚೂರು ಹಣೆಗೆ ಹಚ್ಚಿ ಕಳಿಸ್ತೀನಿ."

ನಾವು ನಕ್ಕೆವು. ಅವಳೂ ನಕ್ಕಳು. ಗಂಗಾಧರ ಮಾತ್ರ ಟ್ರಾಲಿಯೊಂದರ ಜಿಪ್ಪನ್ನು ಎಳೆದು, ಮುಚ್ಚಿ, ಎಳೆದು, ಮುಚ್ಚಿ ಮಾಡುತ್ತಿದ್ದ.

"ಆ ಸಮಾಧಿ ಜಾಗದಲ್ಲಿ ಚಪ್ಪಲಿ ಬಿಡ್ಬೇಕಾ?"

"ಬಿಡ್ಬೇಕು ಅಂತೇನಿಲ್ಲ."

"ನೀವು ಬಿಟ್ಟಿದ್ರಾ?"

ಅವನು ತಲೆಯೆತ್ತಲಿಲ್ಲ. "ಹ್ಞೂಂ. ಬಿಟ್ಟಿದ್ದೆ."

"ಗೇಟಿಂದ ಒಳಗೆ ಹೋದ್ರೆ ಎಡಕ್ಕಾ, ಬಲಕ್ಕಾ?"

"ಬಲಕ್ಕೆ."

"ಗುರುತಿಗೆ ಎಂತಾದ್ರೂ ಉಂಟಾ? ಮರ ಗಿರ?"

"ಮರ ಉಂಟು."

"ಎಂತ ಮರ?"

"ಅಲ್ಲಿಯ ಮರ, ಕಲ್ಲಮ್ಮ. ನಮ್ಮಲ್ಲಿಲ್ಲ."

ಅವಳು ಅದನ್ನು ಬಾಯಲ್ಲೇ ಒಮ್ಮೆ ಹೇಳಿಕೊಂಡಳು, ಬಲಕ್ಕೆ, ಮರ. ಮೂರೂವರೆ ಬಸ್ಸಿಗೆ ಹೊರಟಳು. ಹೋಗುವಾಗ ಅಜೀಜನಿಂದ ಇದ್ದುದರಲ್ಲಿ ಚಿಕ್ಕ ಟ್ರಾಲಿಯೊಂದನ್ನು ಕೊಂಡಳು. ಬಣ್ಣ ಯಾವುದಾದರೂ ಆದೀತು, ತಳ ಗಟ್ಟಿ ಇರಲಿ ಎಂದಳು. ಬರುವಾಗ ಮಣ್ಣಿರುತ್ತದೆ.

ಅಜೀಜ್ ಅಸರ್ ನಮಾಜಿಗೆ ಹೋದ. ಅಂಗಡಿಯಲ್ಲಿ ನಾವಿಬ್ಬರೇ. ಗಂಗಾಧರ ಹೇಳಿದ, "ಬಲಕ್ಕೆ ಅಂದೆನಲ್ಲ. ಅಲ್ಲಿ ಬಲಗಡೆ ಎಂತ ಉಂಟು ಅಂತ ನಂಗೆ ಗೊತ್ತಿಲ್ಲ."

ನಾನು, ನೆನಪು ಮಾಸಿರಬೇಕು ಎಂದೆ.

"ಮಾಸಕ್ಕೆ ನೋಡಿರ್ಬೇಕಲ್ಲ ಮಾರಾಯ್ರೆ. ನಾನು ಹೋಗ್ಲಿಲ್ಲ."

ಆಮೇಲೆ ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ಇದರಲ್ಲಿ ನನ್ನ ಕುಶಾಲು ಸೇರಿಸಲು ಜಾಗವಿಲ್ಲ.

"ಆಂಬುಲೆನ್ಸ್ ಬಂತು. ಇಬ್ರು ಇಳಿದು ಎದೆ ಒತ್ತಿದ್ರು, ಒತ್ತೇ ಒತ್ತಿದ್ರು. ಆಮೇಲೆ ಒಳಗೆ ಹಾಕಿ ಬಾಗಿಲು ಹಾಕಿದ್ರು. ಅದೇ ಕೊನೆ ನಾನು ನೋಡಿದ್ದು. ನಾನೂ ಹತ್ತಕ್ಕೆ ಹೋದೆ. ಮ್ಯಾನೇಜರು ಹೆಗಲು ಹಿಡಿದ. ಭಟ್ರೇ, ನೀವೂ ಹೋದ್ರೆ ನಲವತ್ತು ಜನ ವಯಸ್ಸಾದವ್ರು, ಅರ್ಧಕ್ಕರ್ಧ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ಲಿಲ್ಲ ಅಂದ್ರೆ ಇನ್ನೊಬ್ರು ಬೀಳ್ತಾರೆ ಅಂದ. ನಿಜವೇ ಹೇಳಿದ. ಆ ಬಸ್ಸಲ್ಲಿದ್ದ ಒಬ್ಬಮ್ಮ ಬಂದು, ಪಾಪ ಆ ಹುಡ್ಗ ಅಂತ ಕಣ್ಣೊರೆಸ್ಕೊಂಡು, ಇವತ್ತು ತಿಂಡಿ ಲೇಟಾ ಅಂತ ಕೇಳಿದ್ಲು. ಕೆಟ್ಟವಳಲ್ಲ. ಇನ್ಸುಲಿನ್ ಚುಚ್ಕೊಂಡಿದ್ಲು. ನಾನು ಒಲೆ ಹಚ್ಚಿದೆ. ಅವ್ನು ಹಚ್ಚಿದ್ದು ಆರಿ ಹೋಗಿತ್ತು."

"ಆಮೇಲೆ?"

"ಆಮೇಲೆ ವ್ಯಾನು ಹತ್ತಿದೆ. ಮುಂದಿನ ಊರು, ಅದರ ಮುಂದಿನ ಊರು. ಅಲ್ಲೊಬ್ಬ ಪಂಜಾಬಿ ಏಜೆಂಟು ಎಲ್ಲ ನೋಡ್ಕೋತಾನೆ ಅಂದ್ರು. ಕೂರ್ಸಬೇಕು ಅಂತ ಅವ್ನಿಗೆ ಹೇಳಿ ಅಂದೆ. ಹೇಳಿದೀನಿ ಅಂದ ಮ್ಯಾನೇಜರು. ನಾಲ್ಕೈದು ದಿನ ಬಿಟ್ಟು ಆ ಪಂಜಾಬಿ ನಂಗೇ ಫೋನ್ ಮಾಡಿ, ಹೋ ಗಯಾ ಜೀ, ಅಂದ. ಆಯ್ತು ಅಂತ. ಅಷ್ಟೇ. ಹೋ ಗಯಾ ಅಂದ್ರೆ ಎಂತ ಹೋ ಗಯಾ? ಕೂರ್ಸಿದ್ದಾ, ಮಲಗ್ಸಿದ್ದಾ, ಸುಟ್ಟಿದ್ದಾ? ನಂಗೆ ಅಷ್ಟು ಹಿಂದಿ ಬರ್ತದೆ ಮಾರಾಯ್ರೆ. ಕೇಳಬೋದಿತ್ತು. ಕೇಳಿದ್ರೆ ಅವ್ನು ಹೇಳಿಬಿಡ್ತಾನೆ ಅಂತ ಕೇಳ್ಲಿಲ್ಲ."

ಎದುರು ಶಿವಮೊಗ್ಗದ ಬಸ್ಸು ಹೊರಟಿತು. ಅವನು ಟ್ರಾಲಿಯ ಜಿಪ್ಪನ್ನು ಪೂರ್ತಿ ಎಳೆದು ಮುಚ್ಚಿದ.

"ಸೀತೂರಲ್ಲಿ ಬಸ್ಸಿಳಿದ್ರೆ ಜನ ನಿಂತಿದ್ರು. ಕೂರ್ಸಿದ್ರಾ ಅಂದ್ರು. ನೀವೇ ನೋಡಿದೀರಲ್ಲ, ಊರು ಹೆಂಗಿತ್ತು ಅಂದ್ರೆ ಚೆನ್ನಾಗಿತ್ತು ಅಂತ ಹೇಳಿ ಹೇಳಿ ಬಾಯಿ ಹಂಗೇ ಆಗಿತ್ತು. ಬಂದ್ಬಿಡ್ತು. ಒಂದು ಬಂದ ಮೇಲೆ ಲಿಂಗ ಬಂತು, ವಿಭೂತಿ ಬಂತು, ಮಣ್ಣು ಮೆತ್ತಗಾಯ್ತು."

ಹೇಗಾದರೂ ತಪ್ಪಿಸಬಹುದು ಎಂದು ನಾನು ದಾರಿ ಹುಡುಕಿದೆ. ಊರಿನ ಹೆಸರು ಮರೆತಿದೆ ಎಂದುಬಿಡು. ಮರೆಯುವುದೇನು, ಊರಿನ ಹೆಸರು ಅವನಿಗೆ ಆಗಲೂ ಗೊತ್ತಿರಲಿಲ್ಲ. ಕಂಪನಿಯವರನ್ನು ಕೇಳೋಣ. ಕಂಪನಿ ಕೊರೋನಾದಲ್ಲಿ ಬಾಗಿಲು ಮುಚ್ಚಿತ್ತು, ಮ್ಯಾನೇಜರನ ನಂಬರು ಈಗ ಯಾವುದೋ ಹೆಣ್ಣುಮಗಳದು, ಅವಳು ರಾಂಗ್ ನಂಬರ್ ಎಂದು ಬೈಯುತ್ತಾಳೆ. ಪಂಜಾಬಿಯ ನಂಬರು ಹಳೆಯ ಫೋನಿನ ಜೊತೆ ಹೋಗಿತ್ತು, ಕಾಗದಪತ್ರಗಳು ಕಂಪನಿಯ ಜೊತೆ. ಯಾವುದೋ ಊರು, ಯಾವುದೋ ಮರ, ಯಾವುದೋ ಸಮಾಧಿ ತೋರಿಸಿದರಾಯಿತು, ಮಣ್ಣು ಎಲ್ಲಾ ಕಡೆ ಮಣ್ಣೇ ಎಂದೆ. ಕಾನ್ವೆಂಟಿನ ವೇದಾಂತ. ಗಂಗಾಧರ ನನ್ನನ್ನು ನೋಡಿದ.

"ಯಾರದ್ದೋ ಹೆಣದ ಮೇಲಿನ ಮಣ್ಣು ತಂದು ಅವ್ಳ ಮಾವನ ಪಕ್ಕ ಇಡ್ತಾಳೆ. ದಿನಾ ಹೂವಿಡ್ತಾಳೆ. ಅಷ್ಟು ನನ್ ಕೈಲಿ ಆಗಲ್ಲ."

ಆದರೆ ಹೇಳುವುದೂ ಅವನ ಕೈಲಾಗಲಿಲ್ಲ. ಎರಡು ಭಾನುವಾರ ಅಂಗಡಿಗೇ ಬರಲಿಲ್ಲ, ಹರಿಹರಪುರದಲ್ಲಿ ಮದುವೆ ಅಡುಗೆ ಎಂದು ಹೇಳಿ ಕಳಿಸಿದ. ಮದುವೆ ಇರಲಿಲ್ಲ, ಅದು ಪಕ್ಷಮಾಸ. ಕಲ್ಲಮ್ಮ ಬಂದು, ಸ್ಟೂಲು ಖಾಲಿ ಕಂಡು, ನನ್ನ ಹತ್ತಿರ ಕೇಳಿದಳು. ಅಲ್ಲಿಯವರಿಗೆ ಒಂದು ಮಾತು ಹೇಳಬೇಕು, ಅವರ ಭಾಷೆಯಲ್ಲಿ ಥ್ಯಾಂಕ್ಸಿಗೆ ಏನನ್ನುತ್ತಾರೆ? ನಾನು ಫೋನಿನಲ್ಲಿ ನೋಡಿ ಹೇಳಿಕೊಟ್ಟೆ. "ಡಾಂಕೆ" ಎಂದು ಅವಳು ಬಸ್ಸು ಬರುವವರೆಗೂ ಅಭ್ಯಾಸ ಮಾಡಿದಳು. ಯಾರಿಗೆ ಹೇಳಬೇಕೆಂದು ಕೇಳಿದ್ದಕ್ಕೆ, ಗುಂಡಿ ತೆಗೆದವರಿಗೆ ಎಂದಳು. ನಮ್ಮ ಪದ್ಧತಿ ಅವರಿಗೆ ಗೊತ್ತಿಲ್ಲದೆ ಇದ್ದರೂ ಕೂರಿಸಲಿಕ್ಕೆ ಬಿಟ್ಟರಲ್ಲ.

ಹೊರಡಲು ವಾರವಿದೆ ಎನ್ನುವಾಗ ಕಾಂತೇಶನ ಫೋನು ಬಂತು. ಗಂಗಾಧರ ನನ್ನೆದುರೇ ಸ್ಪೀಕರ್ ಹಾಕಿದ.

"ಗಂಗಾಧರಣ್ಣ, ನಮ್ಮ ಟೂರಿನ ಗೈಡಿಗೆ ಹೇಳಿ ಒಪ್ಪಿಸಿದೀನಿ. ಒಂದು ದಿನ ನಮ್ಮನ್ನ ಬಿಟ್ಟು ಕೊಡ್ತಾರಂತೆ. ಊರಿನ ಹೆಸರು, ಆ ಸ್ಮಶಾನದ ಹೆಸರು ಮೆಸೇಜ್ ಮಾಡಿಬಿಡಿ. ಇಲ್ಲಿ ಕಲ್ಲು ತರಿಸಿ ಆಯ್ತು. ಸ್ವಾಮಿಗಳು ದೀಪಾವಳಿ ಮುಗಿದ ಮೇಲೆ ಬರ್ತೀವಿ ಅಂದಿದಾರೆ."

"ಮೆಸೇಜ್ ಬೇಡ," ಎಂದ ಗಂಗಾಧರ. "ನಾಳೆ ನಾನೇ ಬರ್ತೀನಿ."

ನನ್ನನ್ನೂ ಕರೆದ. ಎನ್.ಆರ್. ಪುರದಲ್ಲಿ ಬಸ್ಸು ಬದಲಿಸಿ ಸೀತೂರು ಮುಟ್ಟುವವರೆಗೆ ಅವನು ಒಂದೇ ಮಾತಾಡಿದ. ಕಿಟಕಿಯ ಪಕ್ಕ ನನ್ನನ್ನು ಕೂರಿಸಿ, "ನೀವೇ ಕೂತ್ಕೊಳ್ಳಿ, ನಂಗೆ ಕಿಟಕಿ ಅಭ್ಯಾಸ ಇಲ್ಲ," ಎಂದ.

ಕಲ್ಲಮ್ಮನ ಮನೆಯ ಪಕ್ಕದಲ್ಲಿ ಕೆತ್ತಿದ ಕಲ್ಲುಗಳನ್ನು ಸಾಲಾಗಿ ಒರಗಿಸಿದ್ದರು. ಸಣ್ಣದೊಂದು ನಂದಿಯೂ ಇತ್ತು, ಮೂಗಿಗೆ ಈಗಲೇ ಯಾರೋ ವಿಭೂತಿ ಹಚ್ಚಿದ್ದರು. ಜಗಲಿಯಲ್ಲಿ ಟ್ರಾಲಿ ತೆರೆದು ಕೂತಿತ್ತು. ಸ್ವೆಟರು, ವಿಭೂತಿ ಗಟ್ಟಿ, ಒಣಗಿಸಿದ ಪತ್ರೆ, ಒಂದು ಸ್ಟೀಲ್ ಚಮಚ, ಮಾವನ ಗದ್ದುಗೆಯಿಂದ ತೆಗೆದು ಬಟ್ಟೆಯಲ್ಲಿ ಕಟ್ಟಿದ ಮಣ್ಣು. ಇಲ್ಲಿಯದನ್ನು ಅಲ್ಲಿ ಹಾಕಿ ಅಲ್ಲಿಯದನ್ನು ಇಲ್ಲಿ ತರುವುದಂತೆ. ಕಾಂತೇಶ್ ಆಗಲೇ ಬಂದು ಜಗಲಿಯಲ್ಲಿ ಕೂತಿದ್ದ. ಕಲ್ಲಮ್ಮ ನಮಗೆ ಮಜ್ಜಿಗೆ ತಂದುಕೊಟ್ಟಳು. ಗಂಗಾಧರ ಲೋಟ ಹಿಡಿದುಕೊಂಡ, ಕುಡಿಯಲಿಲ್ಲ, ಕೆಳಗಿಟ್ಟ. ಅಂಗಿಯ ಒಳಗಿನಿಂದ ಒಂದು ಬೆಳ್ಳಿ ಕರಡಿಗೆ ತೆಗೆದು ಜಗಲಿಯ ಮೇಲೆ ಇಟ್ಟ. ನಮ್ಮ ಕಡೆ ಲಿಂಗವನ್ನು ಹಾಕಿ ಕೊರಳಿಗೆ ಕಟ್ಟಿಕೊಳ್ಳುವ ಭರಣಿ. ಅವನದ್ದು ಅವನ ಕೊರಳಲ್ಲೇ ಇತ್ತು. ಇದು ಬೇರೆ.

ಕಲ್ಲಮ್ಮ ಅದನ್ನು ಮುಟ್ಟುವ ಮೊದಲೇ ಗುರುತಿಸಿದಳು. ಅವಳ ಮುಖ ನೋಡಿ ನಾನೂ ಗುರುತಿಸಿದೆ.

"ಆಂಬುಲೆನ್ಸಿನವ್ರು ಅಂಗಿ ಕತ್ತರಿಸೋವಾಗ ದಾರಾನೂ ಕತ್ತರಿಸಿದ್ರು," ಎಂದ ಗಂಗಾಧರ. "ನನ್ನ ಕೈಗೆ ಕೊಟ್ರು. ಆವತ್ತಿಂದ ನನ್ನ ಪೂಜೇಲಿ ಎರಡು."

"ಕೈಲಿಟ್ಟೆ ಅಂದಿದ್ರಿ," ಎಂದಳು ಕಲ್ಲಮ್ಮ.

"ಅಂದಿದ್ದೆ."

ಕಾಂತೇಶ್ ಎದ್ದು ನಿಂತ. ದನಿ ಏರಿಸಲಿಲ್ಲ. "ನಮ್ಮ ಭಾವನ್ನ ಎಂತ ಮಾಡಿದ್ರಿ ಮಾರಾಯ್ರೆ?"

ಗಂಗಾಧರ ಹೇಳಿದ. ನನಗೆ ಹೇಳಿದ್ದಕ್ಕಿಂತ ಚುಟುಕಾಗಿ ಹೇಳಿದ. ಹೆಗಲು ಹಿಡಿದ ಮ್ಯಾನೇಜರು, ಸಕ್ಕರೆ ಕಾಯಿಲೆಯ ಮುದುಕಿ, ಯಾರನ್ನೂ ಸೇರಿಸಲಿಲ್ಲ. ಬಾಗಿಲು ಹಾಕಿದ್ರು, ನಾನು ಹೋಗ್ಲಿಲ್ಲ, ಫೋನ್ ಬಂತು, ನಾನು ಕೇಳ್ಲಿಲ್ಲ.

"ಮಣ್ಣಾ, ಬೆಂಕಿಯಾ, ಅದೂ ಗೊತ್ತಿಲ್ವಾ?" ಎಂದ ಕಾಂತೇಶ್.

"ಇಲ್ಲ."

"ಊರು?"

"ಇಲ್ಲ."

ಕಾಂತೇಶ್ ಅಂಗಳಕ್ಕಿಳಿದು ಕಲ್ಲುಗಳ ಕಡೆ ಬೆನ್ನು ಮಾಡಿ ನಿಂತ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ನಾನು ಕಾದೆ. ಗಂಗಾಧರನೂ ಕಾಯುತ್ತಿದ್ದ. ಹೊಡೆದಿದ್ದರೆ ಅವನಿಗೆ ಅಷ್ಟು ಹಗುರವಾಗುತ್ತಿತ್ತು. ಯಾರೂ ಏನೂ ಮಾಡಲಿಲ್ಲ.

ಕಲ್ಲಮ್ಮ ಕರಡಿಗೆಯನ್ನು ತೆಗೆದುಕೊಂಡು ಎಡಗೈಯಲ್ಲಿ ಇಟ್ಟುಕೊಂಡಳು. ಟ್ರಾಲಿಯ ಪಕ್ಕ ಕೂತಳು.

"ಮಣ್ಣು ಮೆತ್ತಗಿತ್ತು ಅಂದ್ರಿ."

"ಹೌದು ಕಲ್ಲಮ್ಮ."

"ಚಪ್ಪಲಿ ಬಿಟ್ಟಿದ್ದೆ ಅಂದ್ರಿ. ಮರ ಉಂಟು ಅಂದ್ರಿ."

ಗಂಗಾಧರ ತಲೆಯಾಡಿಸಿದ.

ಅವಳು ಅಳಲಿಲ್ಲ. ಯಾವುದೋ ಲೆಕ್ಕ ಕೂಡದೆ ಮತ್ತೆ ಮೊದಲಿನಿಂದ ಹಿಡಿಯುವವಳ ಹಾಗೆ ಹುಬ್ಬು ಗಂಟಿಕ್ಕಿ ಕೂತಿದ್ದಳು. ಅವನನ್ನು ಎಲ್ಲಿ ಹೇಗೆ ಮಾಡಿದರೆಂದು ಇನ್ನು ಯಾರಿಂದಲೂ ತಿಳಿಯದು ಎಂಬುದು ಅವಳಿಗೆ ಅರ್ಥವಾಗಿತ್ತು. ಎದುರಿಗೆ ಕೂತವನೊಬ್ಬನ ವಿಷಯವಾದರೂ ಸರಿಯಾಗಿ ತಿಳಿಯಲಿ ಎಂದಿರಬೇಕು. ಕೊಪ್ಪದ ಅಂಗಡಿಯಲ್ಲಿ ಗಿರಾಕಿಗಳು ಪ್ರಶ್ನೆ ಹಾಕುವ ದನಿಯಲ್ಲೇ, ಸಿಟ್ಟಿಲ್ಲದೆ ಕೇಳಿದಳು.

"ಅವ್ರದ್ದು ಆಯ್ತು ಅಂತ ಆ ಫೋನ್ ಬಂತಲ್ಲ. ಆವಾಗ ನೀವು ಎಲ್ಲಿದ್ರಿ ಗಂಗಾಧರಣ್ಣ? ಯಾವ ದೇಶದಲ್ಲಿದ್ರಿ?"

ಗಂಗಾಧರ ಬಹಳ ಹೊತ್ತು ಯೋಚಿಸಿದ. ಈ ಸಲ ಸರಿಯಾದ ಉತ್ತರವನ್ನೇ ಕೊಡಬೇಕೆಂದು ನಿಜವಾಗಿ ನೆನಪು ಮಾಡಿಕೊಳ್ಳುತ್ತಿದ್ದ.

"ದೇಶ ಯಾವ್ದು ಅಂತ ನೋಡ್ಲಿಲ್ಲ ಕಲ್ಲಮ್ಮ," ಎಂದ. "ಬೀನ್ಸ್ ಹೆಚ್ತಾ ಇದ್ದೆ."